ಜೋಸೆಫನನ್ನು ಕೇಳುತ್ತ ಬಂದವರು

ಲಿಫ್ಟು ನಡುವಿನಲ್ಲಿ ನಿಲ್ಲಬಹುದಿತ್ತು. ಏಸಿ ಕೈಕೊಡಬಹುದಿತ್ತು. ಬರುವ ಇಬ್ಬರಲ್ಲಿ ಯಾರಾದರೊಬ್ಬರು ಸಂತೋಷಕ್ಕೆಂದು ಒಂದು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ತರಬಹುದಿತ್ತು. ಅದನ್ನು ನಮ್ಮ ಕಟ್ಟಡದ ವಾಚ್‌ಮನ್ ನೋಡಿ ಮಾಲೀಕನಿಗೆ ಹೇಳಿ, ಮಾಲೀಕ ಇನ್ನೊಬ್ಬರಿಗೆ ಹೇಳಿ, ವಾರದೊಳಗೆ ನಾನು ಸಂಸಾರಸಮೇತ ಬೊಂಬಾಯಿಯ ವಿಮಾನದಲ್ಲಿರಬಹುದಿತ್ತು. ಕಾಣೆ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಬಹುದಿತ್ತು. ಮುಳ್ಳು ಸಿಗದಿದ್ದರೆ ಖಾರ ನೆತ್ತಿಗೇರಬಹುದಿತ್ತು. ಬಂದವರು ಬೂಟು ಬಿಚ್ಚುವ ಮೊದಲೇ ನನ್ನ ಹೆಂಡತಿ ಅವರ ಸಂಬಳ ಕೇಳಬಹುದಿತ್ತು. ಕಂಪನಿಯ ಕಾಗದದಲ್ಲಿ, ಕಂಪನಿಯ ಮಶೀನಿನಲ್ಲಿ ನಾನೊಂದು ಖಾಸಗಿ ನಕ್ಷೆಯ ಪ್ರತಿ ತೆಗೆದುಕೊಟ್ಟ ವಿಷಯ ಮಾತಿನ ನಡುವೆ ಹೊರಬಿದ್ದು, ಶನಿವಾರ ಬೆಳಿಗ್ಗೆ ಮ್ಯಾನೇಜರನ ಕಿವಿ ತಲುಪಬಹುದಿತ್ತು. ಇಬ್ಬರೂ ಸಂಬಂಧಿಕರಲ್ಲವೆಂದು ಗೊತ್ತಾಗಿ ಊಟ ಮಾಡದೆ ಎದ್ದು ಹೋಗಬಹುದಿತ್ತು. ಸಂಬಂಧಿಕರು ಹೌದೆಂದು ಗೊತ್ತಾಗಿ, ನಮ್ಮೂರಿನ ಸಂಬಂಧಿಕರ ಹಾಗೆ ಜಗಳಕ್ಕೆ ನಿಲ್ಲಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕೆನಡಾದ ಒಂದು ಮೀನುಗಾರರ ಹಳ್ಳಿಯಲ್ಲಿ ತೊಂಬತ್ತು ದಾಟಿದ ಮುದುಕಿಯೊಬ್ಬಳು ನಮ್ಮ ಮನೆಯ ಫೋನಿನಿಂದ ಹೋದ ಸುದ್ದಿ ಕೇಳಿ ಎದೆಯೊಡೆದು ಸಾಯಬಹುದಿತ್ತು. ಆ ಪಾಪ ನನ್ನ ನಂಬರಿಗೆ ಜಮೆಯಾಗುತ್ತಿತ್ತು.

ಕೊಲ್ಲಿ ದೇಶದ ಅಲ್ ವಕ್ರಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಒಂದು ಶುಕ್ರವಾರದ ಸಂಜೆಗಾಗಿ ನಾನು ವಾರವಿಡೀ ಕೂಡಿಹಾಕಿದ ಆತಂಕಗಳಿವು. ಆತಂಕಪಡುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಬೇರೆ ಯಾವುದರಲ್ಲೂ ಇಲ್ಲದಷ್ಟು.

ಆ ಸಂಜೆಗೆ ಕಾರಣರಾದ ಹಿರಿಯರು ತೀರಿಕೊಂಡರೆಂದು ಕಳೆದ ತಿಂಗಳು ಸುದ್ದಿ ಬಂತು. ಕಂಪನಿಯ ನೋಟೀಸು ಬೋರ್ಡಿನಲ್ಲಿ ಯಾರೋ ಹಚ್ಚಿದ ಫ್ಯಾಕ್ಸಿನ ಪ್ರತಿ. ಅದರಲ್ಲಿ ಅವರು ಎಷ್ಟು ವರ್ಷ ದುಡಿದರು, ಯಾವ ಯಾವ ದೇಶಗಳಲ್ಲಿ ದುಡಿದರು ಎಂದೆಲ್ಲ ಇತ್ತು. ಯಾರನ್ನು ಹುಡುಕಲು ಆ ದೇಶಗಳಿಗೆ ಹೋದರು ಎನ್ನುವುದು ಮಾತ್ರ ಇರಲಿಲ್ಲ. ಅದು ಗೊತ್ತಿದ್ದವರು ಈಗ ಇಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿ. ಹೆಸರು ಬರೆಯುವುದಿಲ್ಲ, ತಮ್ಮ ಹೆಸರಿಗಿಂತ ಬೇರೆಯವರ ಹೆಸರಿನ ಮೇಲೆ ಅವರಿಗೆ ಪ್ರೀತಿ ಹೆಚ್ಚಿತ್ತು.

ಅವರು ಮೆಸಯೀದಿನ ನಮ್ಮ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಇಂಜಿನಿಯರು. ವಾಲ್ವುಗಳ ತಜ್ಞ. ನಾನು ಡ್ರಾಯಿಂಗ್ ಸೆಕ್ಷನ್ನಿನ ಗುಮಾಸ್ತ. ಕಾರ್ಖಾನೆಯ ಪ್ರತಿಯೊಂದು ಪೈಪಿನ ನಕ್ಷೆಯೂ ನನ್ನ ಕಪಾಟುಗಳಲ್ಲಿ ಮಲಗಿರುತ್ತದೆ. ಅವರು ಮನುಷ್ಯರನ್ನು ಸೆಕ್ಷನ್ನಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಹಲೋ, ಡ್ರಾಯಿಂಗ್!" ಎಂದು ಬಾಗಿಲಲ್ಲಿ ನಿಂತರೆ ಅದು ನಾನು. ಅರವತ್ತರ ಆಸುಪಾಸು, ಎತ್ತರದ ಒಣಕಲು ದೇಹ, ಬಿಸಿಲಿಗೆ ಸುಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಮೂಗು. ಕುರ್ಚಿ ಕೊಟ್ಟರೆ ಅದರ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರೇ ಹೊರತು ಕೂರುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಊಟವೂ ನಿಂತೇ, ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು. ಕ್ಯಾಂಪಿನ ಅವರ ಕೋಣೆ ನೋಡಿದವರು ಹೇಳುತ್ತಿದ್ದರು, ಬಂದು ಎಷ್ಟೋ ವರ್ಷವಾದರೂ ಸೂಟ್‌ಕೇಸು ಬಿಚ್ಚಿಲ್ಲ, ಬಟ್ಟೆ ಅದರಿಂದಲೇ ತೆಗೆದು ಅದರಲ್ಲೇ ಇಡುತ್ತಾರೆ ಎಂದು. ನಾನೂ ಅಷ್ಟೇ, ಪಾಸ್‌ಪೋರ್ಟಿನ ಪ್ರತಿಯನ್ನು ಮೂರು ಕಡೆ ಬಚ್ಚಿಟ್ಟವನು. ಹಾಗಾಗಿ ಅವರು ನನಗೆ ವಿಚಿತ್ರವಾಗಿ ಕಾಣಲೇ ಇಲ್ಲ. ನನಗಿಂತ ಒಂದು ಕೈ ಮೇಲಿನವರು ಸಿಕ್ಕರಲ್ಲ ಎಂದು ಸಮಾಧಾನವೇ ಆಯಿತು.

ಹೊಸಬನಾದ ನನ್ನನ್ನು ಅವರು ಮೊದಲ ದಿನ ಕೇಳಿದ್ದು, "ನೀನು ಯಾರವನು?"

"ಡ್ರಾಯಿಂಗ್ ಸೆಕ್ಷನ್, ಸರ್."

"ಅದಲ್ಲ. ಯಾರ ಮಗ? ಅವರು ಯಾರ ಮಗ?"

ನನಗೆ ನಗು ಬಂತು. ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯವಿಲ್ಲದ ಮುದುಕರು ಕೇಳುವ ಪ್ರಶ್ನೆ ಇದು. ನಾಲ್ಕು ತಲೆಮಾರು ಹೇಳಿದೆ. ಆಮೇಲೆ ನಿಂತುಹೋಯಿತು. ಅವರು ತಮ್ಮದನ್ನು ಹೇಳಿದರು, ಅಪ್ಪ, ಅವನಪ್ಪ, ಅವನಪ್ಪ ಎಂದು ಒಂದೇ ಉಸಿರಿನಲ್ಲಿ, ಮಗ್ಗಿ ಒಪ್ಪಿಸಿದ ಹಾಗೆ. ಕೊನೆಯ ಹೆಸರು ಬಂದಾಗ ದನಿ ಇಳಿಸಿದರು: "ಪಿಯೆರ್. ಕೊನೆಯ ಒಡ್ಡಿನ ಶಾರ್ಲನ ಮಗ."

"ಒಡ್ಡು ಅಂದರೆ?"

ಅವರ ಹಿರಿಯರು ಕೆನಡಾದ ಪೂರ್ವದ ಕಡಲಂಚಿನಲ್ಲಿ, ಅಕಾಡಿ ಎಂಬ ಸೀಮೆಯಲ್ಲಿ ಇದ್ದರಂತೆ. ಫ್ರೆಂಚ್ ಮಾತಾಡುವ ರೈತರು. ಸಮುದ್ರದ ಉಪ್ಪುನೀರು ನುಗ್ಗುವ ಜೌಗಿಗೆ ಮಣ್ಣಿನ ಒಡ್ಡು ಹಾಕಿ, ಅದರ ಬುಡದಲ್ಲಿ ಮರದ ಕೊಳವೆ ಹೂತು, ಕೊಳವೆಯೊಳಗೆ ಒಂದು ಹಲಗೆ ತೂಗುಹಾಕುತ್ತಿದ್ದರು. ಇಳಿತದಲ್ಲಿ ಗದ್ದೆಯ ಮಳೆನೀರು ಹಲಗೆಯನ್ನು ತಳ್ಳಿ ಹೊರಹೋಗುತ್ತದೆ. ಭರತದಲ್ಲಿ ಸಮುದ್ರವೇ ಅದನ್ನು ಒತ್ತಿ ಮುಚ್ಚುತ್ತದೆ. "ಚೆಕ್ ವಾಲ್ವ್," ಎಂದರು, ಎದೆ ತಟ್ಟಿಕೊಂಡು. "ನಮ್ಮದು ವಾಲ್ವಿನ ವಂಶ. ನನ್ನದು ಮಾತ್ರ ಕಬ್ಬಿಣದ್ದು."

"ನಮ್ಮಲ್ಲೂ ಉಂಟು ಸರ್," ಎಂದೆ. ಅಘನಾಶಿನಿಯ ಹಿನ್ನೀರಿನ ಗಜನಿ ಗದ್ದೆಗಳ ಬಗ್ಗೆ ಹೇಳಿದೆ. ಉಪ್ಪುನೀರಿಗೆ ಹೆದರದ ಕಗ್ಗ ಭತ್ತ, ಒಡ್ಡಿಗೆ ಕೂರಿಸಿದ ಹಲಗೆಬಾಗಿಲು, ಭರತ ಏರುವ ಹೊತ್ತಿಗೆ ಅನ್ನ ಬಿಟ್ಟು ಎದ್ದು ಅದನ್ನು ನೋಡಲು ಓಡುತ್ತಿದ್ದ ನನ್ನಪ್ಪ. ಅವರು ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು. ಹಲಗೆಗೆ ಯಾವ ಮರ, ಏಡಿ ಒಡ್ಡು ಕೊರೆದರೆ ಏನು ಮಾಡುತ್ತೀರಿ, ಹುಲ್ಲು ಸೇರಿಸಿ ಮಣ್ಣು ಮೆತ್ತುತ್ತೀರೋ ಹೇಗೆ, ಪ್ರಶ್ನೆಯ ಮೇಲೆ ಪ್ರಶ್ನೆ. ನಾನು ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದನ್ನೂ ಹೇಳಿದೆ. ಆ ಮಧ್ಯಾಹ್ನ ನನ್ನ ಮೇಜಿನ ಮೇಲೆ ಸಹಿಗೆ ಕಾದಿದ್ದ ನಕ್ಷೆಗಳನ್ನು ನಡುನಡುವೆ ಎಣಿಸುತ್ತಲೇ ಇದ್ದೆ.

ಹಡಗಿನ ಕತೆ ನನಗೆ ಗೊತ್ತಾದದ್ದು ಬೇರೊಂದು ಸಂದರ್ಭದಲ್ಲಿ. ಕುವೈತಿನ ಗಲಾಟೆಯ ಚಳಿಗಾಲ ಅದು. ನಮ್ಮಲ್ಲಿ ಏನೂ ಆಗಲಿಲ್ಲ, ಆದರೆ ಆಗಬಹುದೆಂದು ನಾನು ಕಿಟಕಿಗಳಿಗೆಲ್ಲ ಟೇಪು ಅಂಟಿಸಿದ್ದೆ. ಕಂಪನಿಯವರು ಜನರನ್ನು ಬಸ್ಸಿಗೆ ಹತ್ತಿಸಿ ಊರಾಚೆ ಒಯ್ಯುವ ತಾಲೀಮು ಮಾಡಿಸುತ್ತಿದ್ದರು. ಸೈರನ್ ಕೂಗಿದಾಗ ಎಲ್ಲರೂ ಗೇಟಿನ ಬಳಿ ಸಾಲು ನಿಂತೆವು. ಮೊದಲ ಬಸ್ಸು ತುಂಬಿತು. ಕಣ್ಣೂರಿನ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ಹತ್ತಿದ್ದ, ತಮ್ಮ ಕೆಳಗೆ ಉಳಿದ. ಬಸ್ಸು ಹೊರಡಬೇಕು, ಈ ಮನುಷ್ಯ ಓಡಿ ಹೋಗಿ ಅದರ ಮುಂದೆ ಕೈಯಗಲಿಸಿ ನಿಂತರು.

"ಇಳಿಸಿ ಅವನನ್ನು! ಇಲ್ಲಾ, ಇವನನ್ನು ಹತ್ತಿಸಿ!"

ಸೇಫ್ಟಿ ಆಫೀಸರ್ ಬಂದು, "ಸರ್, ಇದು ಬರೀ ತಾಲೀಮು. ಎರಡೂ ಬಸ್ಸು ಒಂದೇ ಕಡೆ ಹೋಗೂದು. ಯಲ್ಲಾ, ಬೇಗ, ದಾರಿ ಬಿಡಿ," ಎಂದ.

"ನಮ್ಮವರಿಗೂ ಹಾಗೇ ಹೇಳಿದ್ದರು. ಎಲ್ಲಾ ಹಡಗೂ ಒಂದೇ ಕಡೆ ಅಂತ."

ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ತಮ್ಮನನ್ನು ಬಾಗಿಲಿನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಬಸ್ಸು ಹೋಯಿತು. ಆ ಹುಡುಗನಿಗೋ ನಾಚಿಕೆ. ಅಣ್ಣನ ಜೊತೆ ಅವನು ಮಾತು ಬಿಟ್ಟು ಆಗಲೇ ಒಂದು ತಿಂಗಳಾಗಿತ್ತಂತೆ. ಮರಳಿ ಬರುವಾಗ ನನ್ನ ಪಕ್ಕ ನಿಂತೇ ಅವರು ಹೇಳಿದರು. ಹದಿನೆಂಟನೆಯ ಶತಮಾನದ ನಡುವೆ ಇಂಗ್ಲಿಷರು, ತಮ್ಮ ರಾಜನಿಗೆ ಆಣೆಯಿಟ್ಟು ಬದ್ಧರಾಗಲಿಲ್ಲವೆಂದು ಅಕಾಡಿಯ ಊರುಗಳನ್ನೇ ಎಬ್ಬಿಸಿ ಹಡಗಿಗೆ ತುಂಬಿದರು. ಗಂಡಸರನ್ನು ಚರ್ಚಿಗೆ ಕರೆದು, ಕೂಡಿಹಾಕಿ, ಆಜ್ಞೆ ಓದಿದರು. ಮನೆ ಸುಟ್ಟರು. ಒಂದೇ ಮನೆಯವರಿಗೆ ಬೇರೆ ಬೇರೆ ಹಡಗು. ಶಾರ್ಲನ ದೊಡ್ಡ ಮಗ ಪಿಯೆರ್ ಕಾಡಿಗೆ ಓಡಿ ಉತ್ತರಕ್ಕೆ ಹೋಗಿ ಉಳಿದುಕೊಂಡ. ಇವರು ಅವನ ಕಡೆಯವರು. ಅವನ ತಮ್ಮ ಜೋಸೆಫ್ ಹಡಗಿನಲ್ಲಿ ಹೋದವನು ಎಲ್ಲಿ ಇಳಿದನೋ ಇಂದಿಗೂ ಗೊತ್ತಿಲ್ಲ. ತಾಯಿಯಿಲ್ಲದ ಇವರನ್ನು ಸಾಕಿದ ಸೋದರತ್ತೆ, ಚಿಕ್ಕಂದಿನಿಂದ ಊಟಕ್ಕೆ ಬಡಿಸುವಾಗೆಲ್ಲ ಹೇಳಿದ್ದು ಒಂದೇ ಮಾತು: ಹೋದಲ್ಲೆಲ್ಲ ಜೋಸೆಫನನ್ನು ಕೇಳು.

"ಜೋಸೆಫ್ ತೀರಿಹೋಗಿ ಇನ್ನೂರು ವರ್ಷ ಆಗಿರಬೇಕಲ್ಲ, ಸರ್?"

"ಅವನ ಮಕ್ಕಳ ಮಕ್ಕಳು ಎಲ್ಲೋ ಕೂತು ಊಟ ಮಾಡ್ತಾ ಇರಬೇಕಲ್ಲ, ಡ್ರಾಯಿಂಗ್?"

ಹಡಗಿನಲ್ಲಿ ಹೋದವರಲ್ಲಿ ಹಲವರು ಅಲೆದು ಅಲೆದು ಅಮೆರಿಕದ ದಕ್ಷಿಣದ ಲೂಸಿಯಾನಾ ಸೇರಿದರಂತೆ. ಅಲ್ಲಿಯವರು, ನಮ್ಮ ಕರಾವಳಿಯವರು ಹೋಟೆಲಿರುವಲ್ಲೆಲ್ಲ ಇರುವ ಹಾಗೆ, ಎಣ್ಣೆ ತೆಗೆಯುವಲ್ಲೆಲ್ಲ ಇರುತ್ತಾರೆ. ಅದಕ್ಕೇ ಇವರು ಜೀವಮಾನವೆಲ್ಲ ಎಣ್ಣೆಯ ಊರುಗಳಲ್ಲೇ ಕೆಲಸ ಹಿಡಿದದ್ದು. ಲಿಬಿಯಾ, ನೈಜೀರಿಯಾ, ಈಗ ಇಲ್ಲಿ. ಬಿಳಿಯ ಮುಖದ ಹೊಸಬ ಬಂದನೆಂದರೆ ಹೋಗಿ ಮನೆತನದ ಹೆಸರು ಕೇಳಿ, ಅಪ್ಪನ ಅಪ್ಪನ ಅಪ್ಪನನ್ನು ಕೇಳಿ, ವಾಪಸು ನನ್ನ ಬಾಗಿಲಿಗೆ ಬಂದು ಕೈ ಝಾಡಿಸುತ್ತಿದ್ದರು: "ಮಾಫಿ." ಇಲ್ಲ ಎನ್ನಲು ಇಲ್ಲಿ ಎಲ್ಲರೂ ಬಳಸುವ ಮಾತು ಅದು. ಅವರಿಗೆ ಬರುತ್ತಿದ್ದ ಅರಬ್ಬಿ ಹೆಚ್ಚುಕಮ್ಮಿ ಅಷ್ಟೇ.

ಕೆಲಸದಲ್ಲೂ ಹೀಗೇ ಚಡಪಡಿಕೆ. ಮುಚ್ಚಿದ ವಾಲ್ವನ್ನು ಮುಚ್ಚಿದೆ ಎಂದರೆ ನಂಬುತ್ತಿರಲಿಲ್ಲ. ಬಿಸಿಲಿನಲ್ಲಿ ಏಣಿ ಹತ್ತಿ ಅದರ ಮೈಮೇಲೆ ಅಂಗೈಯಿಟ್ಟು, ತಲೆ ಓರೆ ಮಾಡಿ ಕೇಳುತ್ತಿದ್ದರು, ಡಾಕ್ಟರರು ಬೆನ್ನು ತಟ್ಟಿ ಕೇಳುವ ಹಾಗೆ. "ಇದು ಮುಚ್ಚಿಲ್ಲ, ಮುಚ್ಚಿದ ಹಾಗೆ ನಟಿಸ್ತಿದೆ," ಎನ್ನುತ್ತಿದ್ದರು. ಹೆಚ್ಚಿನ ಸಲ ಅದು ನಿಜವಾಗಿಯೂ ಮುಚ್ಚಿರುತ್ತಿತ್ತು. ಹುಡುಗರು ಹಿಂದಿನಿಂದ ನಗುತ್ತಿದ್ದರು. ಅವರು ಇಳಿದು ಬಂದು ನಗುವವರ ಜೊತೆಗೆ ತಾವೂ ನಕ್ಕು, ಮುಂದಿನ ಏಣಿ ಹತ್ತುತ್ತಿದ್ದರು.

ಒಂದು ದಿನ ಉದ್ದನೆಯ ಸುರುಳಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಎರಡು ಪ್ರತಿ ಬೇಕು. ದೊಡ್ಡದು."

ಬಿಚ್ಚಿ ನೋಡಿದೆ. ಪೈಪಿನ ನಕ್ಷೆ. ಅಂಚು, ಕೆಳಮೂಲೆಯ ಚೌಕ, ಗೆರೆಗಳ ದಪ್ಪ, ಎಲ್ಲ ನಮ್ಮ ಪದ್ಧತಿಯಂತೆಯೇ ಇತ್ತು. ಆದರೆ ಯಾವ ಯುನಿಟ್ಟಿನದೆಂದು ತಿಳಿಯಲಿಲ್ಲ. ಓದಿದರೆ ಪೈಪುಗಳಿಗೆಲ್ಲ ಮನುಷ್ಯರ ಹೆಸರು! ತಮ್ಮ ವಂಶವನ್ನು ಅವರು ತಮಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಬರೆದಿದ್ದರು. ಅಪ್ಪನಿಂದ ಮಗನಿಗೆ ದಪ್ಪ ಗೆರೆ. ಮಕ್ಕಳಿಲ್ಲದೆ ಸತ್ತವರ ತುದಿಗೆ ಪೈಪಿನ ಬಾಯಿ ಮುಚ್ಚುವ ಬಿಲ್ಲೆಯ ಗುರುತು. ಜೋಸೆಫನ ಗೆರೆ ಮಾತ್ರ ಕಾಗದದ ಅಂಚಿನವರೆಗೂ ಹೋಗಿ ಬಾಣವಾಗಿತ್ತು. ಪೈಪು ಬೇರೆ ನಕ್ಷೆಯಲ್ಲಿ ಮುಂದುವರಿಯುವಾಗ ನಾವು ಹಾಕುವ ಬಾಣ. ಅದರ ಪಕ್ಕ ಬರೆದಿತ್ತು: 'ಮುಂದಿನ ಹಾಳೆ ನೋಡಿ.' ಹಾಳೆಯ ನಂಬರು ಬರೆಯುವ ಜಾಗ ಖಾಲಿ.

ಕಂಪನಿಯ ಮಶೀನಿನಲ್ಲಿ ಜೋಸೆಫನನ್ನು ಪ್ರಿಂಟ್ ಮಾಡುವಾಗ ಬಾಗಿಲ ಕಡೆಗೆ ಒಂದು ಕಣ್ಣಿಟ್ಟಿದ್ದೆ. ಆಫೀಸಿನಲ್ಲಿ ಇಟ್ಟರೆ ಯಾರಾದರೂ ನೋಡಿಯಾರೆಂದು ಪ್ರತಿಗಳನ್ನು ಪ್ಯಾಂಟಿನ ಕಾಲಿನುದ್ದಕ್ಕೂ ತೂರಿಸಿಕೊಂಡು, ಮಂಡಿ ಬಗ್ಗಿಸದೆ ಕಂಪನಿಯ ಬಸ್ಸು ಹತ್ತಿ ಅಲ್ ವಕ್ರಾಕ್ಕೆ ತಂದೆ. "ಕಾಲಿಗೆ ಏನಾಯಿತು?" ಎಂದು ಕೇಳಿದ ಡ್ರೈವರಿಗೆ ವಾಯು ಎಂದೆ. ಅವನು ಅದಕ್ಕೊಂದು ಎಣ್ಣೆಯ ಹೆಸರು ಹೇಳಿದ.

ಶುಕ್ರವಾರ ಮಧ್ಯಾಹ್ನ ಪ್ರತಿ ಒಯ್ಯಲು ಅವರೇ ನಮ್ಮ ಮನೆಗೆ ಬಂದರು. ನೋಡಬೇಕೆಂದು ಊಟದ ಮೇಜಿನ ಮೇಲೆ ಹಾಸಿದರು. ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟಳು ನನ್ನ ಹೆಂಡತಿ. ಅವಳು ಉಡುಪಿ ಕಡೆಯವಳು. ಮನೆತನ, ಬಳಿ ಎಂಬ ಕುಲದ ಗುರುತು, ಎಲ್ಲವನ್ನೂ ತಾಯಿಯ ಕಡೆಯಿಂದ ಎಣಿಸುವವರು ಅವರು; ಮದುವೆಯ ಮಾತುಕತೆಯಲ್ಲಿ ನನ್ನಪ್ಪನನ್ನು ಬಿಟ್ಟು ನನ್ನ ಅಜ್ಜಿಯ ಅಜ್ಜಿಯ ಮನೆ ಯಾವುದೆಂದು ಕೇಳಿ ನಮ್ಮವರನ್ನು ತಬ್ಬಿಬ್ಬು ಮಾಡಿದ್ದರು. ಅವಳು ನಕ್ಷೆಯ ಸುತ್ತ ಒಂದು ಸುತ್ತು ಬಂದು, ಬೆರಳಿಟ್ಟು ತುಳುವಿನಲ್ಲಿ ನನ್ನನ್ನು ಕೇಳಿದಳು.

"ಈ ಮೋಟು ಮೋಟು ಗೆರೆಗಳು ಎಂತದು ಮಾರಾಯ್ರೆ?"

ನೋಡಿದೆ. ದಪ್ಪ ಪೈಪಿನಿಂದ ಅಲ್ಲಲ್ಲಿ ಕೆಳಕ್ಕಿಳಿದು ಅರ್ಧಕ್ಕೇ ನಿಂತ ಸಣ್ಣ ಗೆರೆಗಳು. ನಮ್ಮ ನಕ್ಷೆಗಳಲ್ಲಿ ಅದು ಕೊಳೆನೀರು ಬಿಡುವ ಬಾಯಿಯ ಗುರುತು. "ಡ್ರೈನ್," ಎಂದೆ. ಹೆಸರು ಓದಿದೆ. ಆನ್, ಮಾರ್ಗೆರೀತ್, ಮತ್ತೊಬ್ಬಳು ಆನ್. "ಹೆಣ್ಣುಮಕ್ಕಳಿರಬೇಕು."

"ಹೆಣ್ಣುಮಕ್ಕಳೆಲ್ಲ ಮೋರಿಗಾ?" ಎಂದಳು. ತುಳುವಿನಲ್ಲೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅವಳು ಇಂಗ್ಲಿಷಿಗೆ ತಿರುಗಿದಳು. "ಅಂಕಲ್, ಈ ಮಾರ್ಗೆರೀತ್ ಯಾರು?"

"ಪಿಯೆರನ ತಂಗಿ. ಅವಳೂ ಹಡಗಿನಲ್ಲಿ ಹೋದಳು."

"ಮತ್ತೆ ಅವಳಿಗೆ ಬಾಣ ಯಾಕಿಲ್ಲ?"

"ಅವಳು... ಸಣ್ಣವಳು. ಮದುವೆಯಾಗಿದ್ದರೂ ಹೆಸರು ಬದಲಾಗಿರುತ್ತದಲ್ಲ."

"ಹೆಸರು ಬದಲಾದ್ರೆ ಮಕ್ಕಳಾಗುದಿಲ್ವಾ? ನಮ್ಮಲ್ಲಾದ್ರೆ ಅವಳ ಮಕ್ಕಳೇ ಮನೆಯವರು. ಜೋಸೆಫನ ಮಕ್ಕಳು ಅವನ ಹೆಂಡತಿ ಮನೆಯವರು."

ಅವರು ಮೇಜು ಬಿಟ್ಟು ಸರಿದರು. ಬಾಲ್ಕನಿಗೆ ಹೋದರು, ಒಳಗೆ ಬಂದರು, ಮತ್ತೆ ಹೋದರು. ಅತಿಥಿಯನ್ನು ನೋಯಿಸಿದಳೆಂದು ನಾನು ಇವಳನ್ನು ಕಣ್ಣಲ್ಲೇ ಗದರಿದೆ. "ಕೇಳಿದ್ದು ತಪ್ಪಾ?" ಎಂದು ಇವಳು ಬಾಯಲ್ಲೇ ಗದರಿದಳು. ಆಮೇಲೆ ಅವರು ಬಂದು ಲೋಟಗಳನ್ನು ಎತ್ತಿಟ್ಟು, ನಕ್ಷೆಯನ್ನು ಸುರುಳಿ ಸುತ್ತಿಕೊಳ್ಳುತ್ತ ಹೇಳಿದರು.

"ನಾನು ಎಷ್ಟೋ ಜನರನ್ನು ಬರೀ ಅಪ್ಪನ ಹೆಸರು ಕೇಳಿ ಬಿಟ್ಟುಬಿಟ್ಟೆ. ಎಷ್ಟೋ ಜನ."

ಮರುದಿನದಿಂದ ಅವರು ಬಿಟ್ಟುಬಿಟ್ಟವರನ್ನೆಲ್ಲ ಹಿಡಿದು ಹೊಸದಾಗಿ ಕೇಳತೊಡಗಿದರು: ನಿನ್ನ ತಾಯಿ ಯಾರ ಮಗಳು? ಆಕೆಯ ತಾಯಿ? ಕ್ಯಾಂಪಿನಲ್ಲಿ ಸುದ್ದಿಯಾಯಿತು. ಮುದುಕನಿಗೆ ಬಿಸಿಲು ತಲೆಗೇರಿದೆ, ಕಾಂಟ್ರ್ಯಾಕ್ಟ್ ಖಲಾಸ್ ಮಾಡಿ ಕಳಿಸಿಬಿಡುತ್ತಾರೆ ಎಂದರು ಜನ. ಕಾಂಟ್ರ್ಯಾಕ್ಟ್ ನಿಜಕ್ಕೂ ಮುಗಿಯುವುದರಲ್ಲಿತ್ತು. ಅವರ ಊರಲ್ಲಿ ಆ ಸೋದರತ್ತೆ ಹಾಸಿಗೆ ಹಿಡಿದಿದ್ದರು. ಇವರು ಬರಿಗೈಯಲ್ಲಿ ಹೋಗಬೇಕಾಗುತ್ತದೆಂದು ನನಗೂ ನಿದ್ದೆ ಕೆಟ್ಟಿತು. ನನ್ನ ನಿದ್ದೆ ಕೆಡಲು ಸ್ವಂತ ಕಾರಣ ಬೇಕೆಂದೇನಿಲ್ಲ.

ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿಯೊಂದರಲ್ಲಿ ಇಂಜಿನ್ ನೋಡಿಕೊಳ್ಳುವ ಒಬ್ಬ ಅಮೆರಿಕನ್ ಇದ್ದ. ಲೂಸಿಯಾನಾದವನೇ. ದಪ್ಪ ಆಳು, ಕೆಂಪು ಕತ್ತು, ಬಾಯಿಬಿಟ್ಟರೆ ಕಾಸು ಬಿದ್ದೀತೆನ್ನುವ ಹಾಗೆ ಮಾತು. ಎಷ್ಟೋ ವರ್ಷ ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಉಂಡಿದ್ದಾರೆ, ಒಬ್ಬರು ನಿಂತು, ಇನ್ನೊಬ್ಬ ಕೂತು. ಬಂದ ಹೊಸತರಲ್ಲಿ ಇವರು ಅವನ ಮನೆತನದ ಹೆಸರು ಕೇಳಿದ್ದರು. ಅದು ಅಪ್ಪಟ ಜರ್ಮನ್ ಹೆಸರು. ಮಾಫಿ ಎಂದು ತಿರುಗಿ ಬಂದಿದ್ದರು. ಈಗ ತಾಯಿಯನ್ನು ಕೇಳಿದಾಗ ಅವನು ಚಮಚ ಕೆಳಗಿಟ್ಟ.

"ಅಜ್ಜಿ ಏನೋ ಜಪದ ಹಾಗೆ ಹೆಸರು ಹೇಳ್ತಿದ್ದಳು. ಬರೀ ಹೆಂಗಸರ ಹೆಸರು. ನಾವು ಹುಡುಗರು ಮೀನು ಹಿಡಿಯಲಿಕ್ಕೆ ಓಡ್ತಿದ್ದೆವು. ಅಕ್ಕನಿಗೆ ಕಲಿಸಿದ್ದಾಳೆ. ಕೇಳಿ ನೋಡ್ತೇನೆ."

ಅವನು ಊರಿಗೆ ಫೋನು ಮಾಡಿ ಕೇಳಿ ಬರುವವರೆಗಿನ ಆ ವಾರ! ಇವರು ದಿನಕ್ಕೆರಡು ಸಲ ನನ್ನ ಬಾಗಿಲಿಗೆ ಬಂದು, ಕುರ್ಚಿಯ ಬೆನ್ನು ಮುಟ್ಟಿ ಹೋಗುತ್ತಿದ್ದರು. ಉತ್ತರವನ್ನು ಕ್ಯಾಂಟೀನಿನಲ್ಲಿ ಕೇಳುವುದಿಲ್ಲ ಎಂದರು. "ಪ್ರಶ್ನೆ ನಿನ್ನ ಹೆಂಡತಿಯದು. ಅವಳ ಮನೆಯಲ್ಲಿ, ಅವಳ ಎದುರು ಕೇಳುತ್ತೇನೆ. ಅಲ್ಲಿಂದಲೇ ಅತ್ತೆಗೆ ಫೋನು."

ಹೀಗೆ ಆ ಶುಕ್ರವಾರ ಬಂತು.

ಲಿಫ್ಟು ನಿಲ್ಲಲಿಲ್ಲ. ಬಾಟಲಿ ಬರಲಿಲ್ಲ, ಟಗ್ಗಿನವನು ಒಂದು ದೊಡ್ಡ ಕಲ್ಲಂಗಡಿಯನ್ನು ಕಂಕುಳಲ್ಲಿ ಹೊತ್ತು ತಂದ. ಇವಳು ಸಂಬಳ ಕೇಳಲಿಲ್ಲ, ಎಷ್ಟು ಮಕ್ಕಳೆಂದಷ್ಟೇ ಕೇಳಿ ಒಳಗೆ ಹೋದಳು. ಇಬ್ಬರೂ ಕೂರಲಿಲ್ಲ. ದೂರದಲ್ಲಿ ಮೆಸಯೀದಿನ ಚಿಮಣಿಗಳ ಬೆಂಕಿ ಕಿಟಕಿಯಲ್ಲಿ ಹೊರಳಾಡುತ್ತಿತ್ತು. ಅವರು ಅದಕ್ಕೆ ಬೆನ್ನು ಹಾಕಿ ನಿಂತರು.

"ಹೇಳು," ಎಂದರು.

ಟಗ್ಗಿನವನು ತಲೆಯ ಮೇಲಿನ ಟೋಪಿ ತೆಗೆದ. ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗನ ಹಾಗೆ ಗೋಡೆ ನೋಡುತ್ತ ಶುರುಮಾಡಿದ. "ನಾನು ರೂಬಿಯ ಮಗ. ರೂಬಿ ಎಲೋಡಿಯ ಮಗಳು. ಎಲೋಡಿ ಸೆಲೆಸ್ತಳ ಮಗಳು..." ಇಂಗ್ಲಿಷಿನಲ್ಲಿ ಶುರುವಾದದ್ದು ಹೆಸರು ಹಿಂದೆ ಹಿಂದೆ ಹೋದಂತೆ ಅವನಿಗೇ ಗೊತ್ತಿಲ್ಲದ ಹಾಗೆ ಫ್ರೆಂಚಿಗೆ ಹೊರಳಿತು. ನನಗೆ ಹೆಸರುಗಳಷ್ಟೇ ತಿಳಿಯುತ್ತಿದ್ದವು. ಅಡುಗೆಮನೆಯಿಂದ ಇವಳು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಕೊನೆಗೆ ಮಾರ್ಗೆರೀತ್ ಎಂಬ ಹೆಸರು ಬಂತು. ಅವನು ನಿಲ್ಲಿಸಿ, ನಮಗಾಗಿ ಇಂಗ್ಲಿಷಿನಲ್ಲಿ ಹೇಳಿದ.

"ಹಡಗಿನಿಂದ ಒಬ್ಬಳೇ ಇಳಿದವಳು. ಕೊನೆಯ ಒಡ್ಡಿನ ಶಾರ್ಲನ ಮಗಳು. ಒಡ್ಡು ಅಂದರೆ ಏನು ಅಂತ ಅಕ್ಕನಿಗೂ ಗೊತ್ತಿಲ್ಲ. ಹಾಗೇ ಹೇಳಬೇಕು ಅಂತಿದ್ದಳಂತೆ ಅಜ್ಜಿ."

ನನ್ನ ಬಾಯಿ ಸುಮ್ಮನಿರಲಿಲ್ಲ. "ಸರ್, ಒಡ್ಡಿನ ವಿಷಯ ನೀವು ಇವನಿಗೆ ಮೊದಲೇ ಹೇಳಿದ್ದಿರಾ?"

"ಇಲ್ಲ," ಎಂದರು ಅವರು. ನನ್ನನ್ನು ನೋಡಲೂ ಇಲ್ಲ. ಅವನ ಹತ್ತಿರ ಹೋದರು. ತಬ್ಬಿಕೊಳ್ಳುತ್ತಾರೆಂದುಕೊಂಡೆ. ಅವನ ಎದೆಯ ಮೇಲೆ ಅಂಗೈಯಿಟ್ಟು, ತಲೆ ಸ್ವಲ್ಪ ಓರೆ ಮಾಡಿ, ಹಾಗೇ ನಿಂತರು. ಟಗ್ಗಿನವನು ಟೋಪಿಯನ್ನು ಹಿಂಡುತ್ತಿದ್ದ. ನಾನು ಮೇಜಿನ ಮೇಲಿನ ನೀರಿನ ಜಗ್ಗನ್ನು ಸುಮ್ಮನೆ ಇತ್ತಿಂದತ್ತ ಸರಿಸಿದೆ.

ಫೋನು ಸಿಗಲು ಹೊತ್ತಾಯಿತು. ಅಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ಯಾರೋ ಎತ್ತಿಕೊಂಡು ಅತ್ತೆಯ ಹಾಸಿಗೆಯ ಪಕ್ಕಕ್ಕೆ ಒಯ್ದರು. ಇವರು ಫ್ರೆಂಚಿನಲ್ಲಿ ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದರು. ಆಮೇಲೆ ರಿಸೀವರನ್ನು ಟಗ್ಗಿನವನಿಗೆ ಕೊಟ್ಟರು. ಅವನು ತನ್ನ ಹೆಂಗಸರನ್ನೆಲ್ಲ ಇನ್ನೊಮ್ಮೆ, ರೂಬಿಯಿಂದ ಮಾರ್ಗೆರೀತಳವರೆಗೆ, ಸಮುದ್ರದಾಚೆಗೆ ಒಪ್ಪಿಸಿದ. ಆ ಕಡೆ ಮೌನ. ಮುಗಿಯಿತು, ನನ್ನ ಮನೆಯ ಫೋನಿನಲ್ಲೇ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಆಗ ಮುದುಕಿಯ ದನಿ ಕೇಳಿಸಿತು. ಹಾಸಿಗೆ ಹಿಡಿದವಳ ದನಿಯಲ್ಲ ಅದು. ಇಡೀ ಹಾಲಿಗೆ ಕೇಳುತ್ತಿತ್ತು. ಅವರು ರಿಸೀವರಿಗೆ ಕಿವಿಯೊಡ್ಡಿ ನಮಗೆ ಹೇಳುತ್ತ ಹೋದರು.

"ಹುಡುಗಿ ಬದುಕಿದ್ದಳಾ ಅಂತ ಕೇಳ್ತಿದ್ದಾಳೆ... ಅವಳನ್ನು ಯಾರೂ ಕೇಳಲೇ ಇಲ್ಲವಲ್ಲ ಅಂತಿದ್ದಾಳೆ... ನಾನು ಹೆಂಗಸಾಗಿ ನಾನೂ ಕೇಳಲಿಲ್ಲ ಅಂತ..."

ಇವಳು ಸೆರಗಿನಿಂದ ಕಣ್ಣೊರಸಿಕೊಂಡಳು. ಆ ಕಡೆಯಿಂದ ಮೂಗು ಏರಿಸಿದ ಸದ್ದು. ಆಮೇಲೆ ಒಂದೇ ಪ್ರಶ್ನೆ, ಗಟ್ಟಿಯಾಗಿ. ಅದಕ್ಕೆ ಅನುವಾದ ಬೇಕಾಗಲಿಲ್ಲ. "ಜೋಸೆಫ್?"

ಅವರು ಬಾಯಿ ತೆರೆದರು. ಫ್ರೆಂಚೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. "ಮಾಫಿ," ಎಂದರು.

ಅದೇನೆಂದು ಅತ್ತೆ ಕೇಳಿರಬೇಕು. ಇವರು ಫೋನಿನ ತಂತಿ ಎಳೆದುಕೊಂಡು ಅತ್ತಿಂದಿತ್ತ ನಡೆಯುತ್ತ ವಿವರಿಸತೊಡಗಿದರು. ಟಗ್ಗಿನವನು ಅವರ ಹಿಂದೆಯೇ ನಡೆದು, ತಂತಿ ಕುರ್ಚಿಗೆ ಸಿಕ್ಕಿಕೊಳ್ಳದಂತೆ ಎತ್ತಿ ಹಿಡಿಯುತ್ತಿದ್ದ. ಇನ್ನಾವ ಬಂದರು ಉಳಿದಿದೆ, ಯಾರನ್ನು ಕೇಳಬಹುದು, ಅಕ್ಕನಿಗೆ ಇನ್ನೇನಾದರೂ ಗೊತ್ತಿದ್ದೀತೇ, ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಜೋಸೆಫನನ್ನು ಕೇಳುವವರು ಈಗ ಒಬ್ಬರು ಹೆಚ್ಚಾಗಿದ್ದರು.

ನನ್ನ ಹೆಂಡತಿ ಗಾಳಿಯನ್ನು ಮೂಸಿದಳು.

"ಅಯ್ಯೋ ದೇವರೇ!" ಎಂದು ಸೌಟು ಹಿಡಿದು ಒಳಗೆ ಓಡಿದಳು. ನಾನೂ ಓಡಿದೆ. ಒಂದು ವಾರ ಕೂತು ಎಣಿಸಿದ ಅಷ್ಟೊಂದು ಅನಾಹುತಗಳಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ. ಹೆಸರುಬೇಳೆ ಪಾಯಸದ ತಳ ಹತ್ತಿತ್ತು.

"ಬಡಿಸೂದು ಬೇಡ, ಚೆಲ್ಲಿಬಿಡುವ," ಎಂದೆ.

"ಮತ್ತೆ ಎಂತ ಕೊಡುದು? ಕಲ್ಲಂಗಡಿಯಾ? ಅವರು ತಂದದ್ದನ್ನೇ ಅವರಿಗೆ?"

ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ, ಏಲಕ್ಕಿ ಜಾಸ್ತಿ ಹಾಕಿ ತಂದಳು. ಅವರು ಒಂದು ಚಮಚ ಬಾಯಿಗಿಟ್ಟು ನಿಂತರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಬಟ್ಟಲನ್ನು ಟಗ್ಗಿನವನ ಕಡೆಗೆ ತೋರಿಸಿ, "ಇವನಿಗೆ ಮೊದಲು ಹಾಕಿ," ಎಂದರು. "ನಮ್ಮ ಹುಡುಗ."

ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು, ಈ ಹೊಗೆಯ ರುಚಿ ಬರಿಸುವುದು ಹೇಗೆಂದು ಕೇಳಿದರು. ಅದು ನಮ್ಮ ಕಡೆಯ ಪದ್ಧತಿ ಎಂದು ಇವಳು ಮುಖ ಅಲುಗಿಸದೆ ಹೇಳಿದಳು. ಮರುದಿನ ಕೆಲಸಕ್ಕೆ ಹೊರಡುವ ಮೊದಲು ಆ ಪಾತ್ರೆಯನ್ನು ತಿಕ್ಕಿದವನು ನಾನು.